ತೂಗುಸೇತುವೆಯ ಮೇಲೆ ಅರ್ಧಕ್ಕೆ ನಿಂತ ಜಗಳ

ಇಂದ,
ಹಲ್ಲುಸೆಟ್ಟು ತಯಾರಿಸುವವನು,
ದಂತ ಚಿಕಿತ್ಸಾಲಯದ ಹಿಂಬದಿ ಕೋಣೆ.

ಗೆ,
ಮೇಲ್ವಿಚಾರಕರು,
ಕಮರಿ ಮತ್ತು ಜಲಪಾತ ಉದ್ಯಾನವನ.

ವಿಷಯ: ಅಣ್ಣನೊಂದಿಗೆ ಅರ್ಧ ಆಡಿದ ಜಗಳವನ್ನು ಪೂರ್ತಿಗೊಳಿಸಲು ಒಂದು ಗಂಟೆ ಕಾಲಾವಕಾಶ ಕೋರಿ.

ಉಲ್ಲೇಖ: ಕಳೆದ ಭಾನುವಾರ ತಮ್ಮ ಕಾವಲುಗಾರರು ಪೀಪಿ ಊದಿ ಕೈಗಿತ್ತ ನೋಟೀಸು ("ಮೌನ ವಲಯದಲ್ಲಿ ಕಿರುಚಾಟ, ಕಮರಿಗೆ ಟೋಪಿ ಎಸೆತ").

ಮಾನ್ಯರೇ,

1. ಅರ್ಜಿದಾರನೂ ಅವನ ಅಣ್ಣನಾದ ಶಾಲಾ ವ್ಯಾನಿನ ಚಾಲಕನೂ ಹನ್ನೊಂದು ವರ್ಷಗಳಿಂದ ಮಾತು ಬಿಟ್ಟಿರುತ್ತಾರೆ. ಕಾರಣ, ಅಪ್ಪ ಆಸ್ಪತ್ರೆಯಲ್ಲಿದ್ದಾಗ ಅಣ್ಣ ಫೋನಿನಲ್ಲಿ "ಗಾಬರಿ ಏನಿಲ್ಲ, ಶನಿವಾರ ಬಾ" ಎಂದಿದ್ದನು. ಅಪ್ಪ ಶುಕ್ರವಾರವೇ ತೀರಿಕೊಂಡುಬಿಟ್ಟರು.

2. ಈ ಸಾಲಿನ ಶರತ್ಕಾಲದಲ್ಲಿ ಅಮ್ಮನಿಗೆ ಎಪ್ಪತ್ತೈದು ತುಂಬಿತು. ಎಲೆಗಳೆಲ್ಲ ಉದುರಿಹೋಗುವ ಮೊದಲು ಇಬ್ಬರು ಮಕ್ಕಳ ಜೊತೆ ಜಲಪಾತ ನೋಡಬೇಕೆಂದು ಹಟ ಹಿಡಿದರು. ಅರ್ಜಿದಾರನು ಕೆಲಸದ ನೆಪ ಹೇಳಿದನು. ಅಮ್ಮ ಅವನೇ ಮಾಡಿಕೊಟ್ಟಿದ್ದ ಹಲ್ಲುಸೆಟ್ಟನ್ನು ಬಾಯಿಂದ ತೆಗೆದು ಮೇಜಿನ ಮೇಲಿಟ್ಟು, "ಇಬ್ಬರೂ ಒಂದೇ ಗಾಡೀಲಿ ಕೂರೋ ತನಕ ಇದನ್ನ ಹಾಕ್ಕೊಳ್ಳಲ್ಲ" ಎಂದರು. ಹಲ್ಲಿಲ್ಲದ ಕಾರಣ ಪದಗಳು ಸ್ಪಷ್ಟವಿರಲಿಲ್ಲ, ಉದ್ದೇಶ ಸ್ಪಷ್ಟವಿತ್ತು. ನಾಲ್ಕು ದಿನ ಬ್ರೆಡ್ಡನ್ನು ಹಾಲಿನಲ್ಲಿ ಅದ್ದಿ ತಿಂದರು. ಆದ್ದರಿಂದ ಅರ್ಜಿದಾರನು ಗಾಡಿ ಹತ್ತಿದನು.

3. ದಾರಿ ಆರು ಗಂಟೆಯದು.

"ಅಮ್ಮಾ, ನಿನ್ನ ಮಗನಿಗೆ ಹೇಳು, ತಿರುವಲ್ಲಿ ಓವರ್‌ಟೇಕ್ ಮಾಡಬಾರ್ದು ಅಂತ."

"ಅಮ್ಮಾ, ನಿನ್ನ ಇನ್ನೊಬ್ಬ ಮಗನಿಗೆ ಹೇಳು, ದಿನಾ ಇಪ್ಪತ್ತು ಮಕ್ಕಳನ್ನ ಕೂರಿಸ್ಕೊಂಡು ಹೋಗೋನು ನಾನು. ಅವನು ಹಲ್ಲು ಉಜ್ಕೊಂಡು ಕೂತಿರ್ಲಿ ಅಂತ."

ಮೂರು ಅಡಿ ದೂರದ ಈ ಟಪಾಲನ್ನು ಅಮ್ಮ ತಿದ್ದಿ ತಲುಪಿಸುತ್ತಿದ್ದರು: "ನೀನು ಚೆನ್ನಾಗಿ ಓಡಿಸ್ತೀಯಂತೆ ಕಣೋ." "ನಿನ್ನ ಕೆಲಸ ತುಂಬಾ ನಾಜೂಕಿನದಂತೆ." ಇದನ್ನು ಇಬ್ಬರೂ ನಂಬಿರುವುದಿಲ್ಲ.

4. ಮಂಡಿನೋವಿನ ಕಾರಣ ಅಮ್ಮ ತೂಗುಸೇತುವೆಯ ಬುಡದ ಬೆಂಚಿನಲ್ಲೇ ಉಳಿದರು. ಅಣ್ಣ ಜಲಪಾತವನ್ನೇ ನೋಡುತ್ತಾ ನಡೆದು, ಒದ್ದೆ ಎಲೆ ಮೆತ್ತಿದ್ದ ಹಲಗೆಯ ಮೇಲೆ ಕಾಲಿಡುವುದರಲ್ಲಿದ್ದನು. ಹೇಳಿ ಕಳಿಸಲು ಅಮ್ಮ ಪಕ್ಕದಲ್ಲಿರಲಿಲ್ಲ. ಆದ್ದರಿಂದ ಅರ್ಜಿದಾರನು ಖುದ್ದಾಗಿ "ಅಣ್ಣಾ, ಜಾರತ್ತೆ!" ಎಂದು ಕಿರುಚಿದನು. ಅಣ್ಣ ಬೆಚ್ಚಿಬಿದ್ದನು, ಟೋಪಿ ಹಾರಿತು. ಎಸೆದರೆಂಬ ಆರೋಪ ಸುಳ್ಳು.

5. "ಏನಂದೆ?"

"ಜಾರತ್ತೆ ಅಂದೆ!"

"ಅದಲ್ಲ, ಅದಕ್ಕೆ ಮುಂಚೆ!"

ಆ ಪದ ಎರಡನೇ ಸಲ ಬಾಯಿಗೆ ಬರಲಿಲ್ಲ. ಬಂದದ್ದು ಬೇರೆ. "ಶನಿವಾರ ಬಾ ಅಂದ್ಯಲ್ಲ, ಯಾಕೆ ಹಾಗಂದೆ?"

"ಡಾಕ್ಟರು ಶನಿವಾರ ಮನೆಗೆ ಕಳಿಸ್ತೀವಿ ಅಂದಿದ್ರು ಕಣೋ! ನಂಗೇನು ಕನಸು ಬಿದ್ದಿತ್ತಾ?"

"ಇಷ್ಟು ಹೇಳೋಕೆ ಹನ್ನೊಂದು ವರ್ಷ ಬೇಕಾಯ್ತಾ?"

"ನೀನು ಕೇಳಿದ್ಯೇನೋ, ಕತ್ತೆ?"

ಅಣ್ಣನ ಕನ್ನಡಕ ತೊಯ್ದಿತ್ತು. ಅರ್ಜಿದಾರನ ಮುಖವೂ. ಅದು ಜಲಪಾತದ ತುಂತುರೆಂದು ದಾಖಲಿಸಲು ಇಬ್ಬರೂ ಒಪ್ಪಿರುತ್ತಾರೆ. ಅಷ್ಟರಲ್ಲಿ ತಮ್ಮ ಕಾವಲುಗಾರರು ಓಡಿ ಬಂದು, "ಸಾರ್, ಹಕ್ಕಿಗಳಿಗೆ ತೊಂದ್ರೆ ಆಗ್ತಿದೆ, ಗೇಟು ಮುಚ್ಚೋ ಹೊತ್ತು" ಎಂದು ಇಬ್ಬರನ್ನೂ ಹೊರಗೆ ಹಾಕಿದರು. ಆ ಭೋರ್ಗರೆತದಲ್ಲಿ ಹಕ್ಕಿಗೆ ಏನು ಕೇಳಿಸಿತೋ ತಮಗೇ ಗೊತ್ತು.

6. ಮೊನ್ನೆ ಅಣ್ಣ ಅರ್ಜಿದಾರನ ಕೋಣೆಗೆ ಬಂದು, ಹಲ್ಲಿನ ಅಚ್ಚುಗಳ ನಡುವೆ ಅರ್ಧ ಗಂಟೆ ಕೂತು, ಒಂದು ದವಡೆಯನ್ನು ಎತ್ತಿ ನೋಡಿ ಕೆಳಗಿಟ್ಟು, "ಏನಿಲ್ಲ, ಹಾಗೇ ಬಂದೆ" ಎಂದು ಹೊರಟುಹೋದನು. ಅರ್ಜಿದಾರನು "ಸರಿ" ಎಂದನು. ಆದರೆ ವಿಷಯಗಳು ಬಾಕಿ ಇರುತ್ತವೆ. ಮುಖ್ಯವಾಗಿ, ಅಂತ್ಯಕ್ರಿಯೆಯ ದಿನ ಅಣ್ಣ ಹೆಗಲ ಮೇಲಿಟ್ಟ ಕೈಯನ್ನು ಅರ್ಜಿದಾರನು ಕೊಡವಿದ್ದು. ಇದರಲ್ಲಿ ತಪ್ಪು ಅರ್ಜಿದಾರನದೇ. ಇಂಥದ್ದನ್ನು ಮೆಲುದನಿಯಲ್ಲಿ ಹೇಳಲು ಅವನಿಗೆ ಬರುವುದಿಲ್ಲ. ಕೋಣೆಯಲ್ಲಿ ಕಿರುಚಿದರೆ ಹಲ್ಲು ಕೀಳಿಸಿಕೊಳ್ಳಲು ಕೂತವರು ಎದ್ದು ಓಡುತ್ತಾರೆ.

ಆದ್ದರಿಂದ, ಉದ್ಯಾನವನವು ಮುಂದಿನ ವಾರ ಚಳಿಗಾಲಕ್ಕೆಂದು ಮುಚ್ಚುವ ಕಾರಣ, ಅದಕ್ಕೆ ಮುನ್ನ ಒಂದು ಗಂಟೆ ಸೇತುವೆಯ ಮೇಲೆ ಕೂಗಾಡಲು ಅಪ್ಪಣೆ ಕೊಡಬೇಕಾಗಿ ಕೋರಿಕೆ.

ಗಂಟಲು ಕಟ್ಟಿರುವುದರಿಂದ ಬರೆದೇ ತಿಳಿಸುತ್ತಿರುವ,
ತಮ್ಮ ವಿಶ್ವಾಸಿ,
ಅರ್ಜಿದಾರ

ಲಗತ್ತುಗಳು:
1. ನೋಟೀಸಿನ ಪ್ರತಿ (ಒದ್ದೆ).
2. ಅಮ್ಮನ ಹೇಳಿಕೆ: "ಬೆಂಚಿಗೆ ಒಂದಕ್ಷರವೂ ಕೇಳಿಸಲಿಲ್ಲ. ದೊಡ್ಡವನು ತಮ್ಮನನ್ನು ಕತ್ತೆ ಅನ್ನಬಾರದಿತ್ತು."
3. ಅಣ್ಣನ ಒಪ್ಪಿಗೆ ಪತ್ರ: "ಬರ್ತೀನಿ. ಬೆಳಗ್ಗೆ ಬೇಗ ರೆಡಿಯಾಗಿರು."

ವಿ.ಸೂ.: ಅನುಮತಿ ಸಾಧ್ಯವಾಗದಿದ್ದಲ್ಲಿ, ಇಷ್ಟೇ ಸದ್ದು ಮಾಡುವ, ಚಳಿಗಾಲದಲ್ಲೂ ತೆರೆದಿರುವ ಬೇರೆ ಜಲಪಾತದ ವಿಳಾಸವನ್ನಾದರೂ ಮರುಟಪಾಲಿನಲ್ಲಿ ತಿಳಿಸುವುದು.