ಬೆಳ್ಳಗಾದ ಮಾಳಿಗೆ, ಒಣಗದ ಸಂಡಿಗೆ

ದೊಡ್ಡ ದೊಡ್ಡ ದೇಶಗಳು ವರ್ಷಕ್ಕೊಮ್ಮೆ ಒಂದೆಡೆ ಸೇರುತ್ತವೆ, ಉಣ್ಣುತ್ತವೆ, ಸಾಲಾಗಿ ನಿಂತು ಫೋಟೊ ತೆಗೆಸಿಕೊಳ್ಳುತ್ತವೆ, ವಿಮಾನ ಹತ್ತಿ ಮನೆಗೆ ಹೋಗುತ್ತವೆ. ಭೂಮಿಯ ಬಿಸಿ ಮಾತ್ರ ಇಳಿಯುವುದಿಲ್ಲ. ಇವರಿಂದ ಇದು ಆಗುವ ಕೆಲಸವಲ್ಲ ಎಂದು ಖಾತ್ರಿಯಾದ ಮೇಲೆ, ಕಳೆದ ಮೇ ತಿಂಗಳಲ್ಲಿ, ಆ ಜವಾಬ್ದಾರಿಯನ್ನು ಚಿತ್ತಾಪುರದಿಂದ ನಾನೇ ವಹಿಸಿಕೊಂಡೆ!

ನಗಬೇಡಿ. ನನಗೆ ಅರ್ಹತೆ ಇತ್ತು. ಕಲಬುರಗಿಯಲ್ಲಿ ನಡೆದ 'ಜಾಗತಿಕ ತಾಪಮಾನ: ಕಾರಣಗಳು ಮತ್ತು ಪರಿಹಾರಗಳು' ಎಂಬ ತರಬೇತಿಗೆ ನಮ್ಮ ಕಚೇರಿಯಿಂದ ಆಯ್ಕೆಯಾದ ಏಕೈಕ ಗುಮಾಸ್ತ ನಾನು. ಆ ಬಿಸಿಲಲ್ಲಿ ಕಲಬುರಗಿಗೆ ಯಾರು ಹೋಗುತ್ತಾರೆಂದು ಉಳಿದವರೆಲ್ಲ ಜಾರಿಕೊಂಡಿದ್ದರು ಎಂಬುದು ಬೇರೆ ಮಾತು. ಸಭಾಂಗಣಕ್ಕೆ ಏಸಿ ಇತ್ತು. ಧಗೆಯಲ್ಲಿ ಬೆಂದು ಬಂದ ದೇಹ ಆ ತಂಪಿಗೆ ಕುರ್ಚಿಯಲ್ಲೇ ಕರಗಿಹೋಯಿತು. ಕಾರಣಗಳು ಶುರುವಾದಾಗ ಎಚ್ಚರವಿದ್ದೆ. ಕಲ್ಲಿದ್ದಲು ಸುಟ್ಟರೆ ಹೊಗೆ, ಆ ಹೊಗೆ ಭೂಮಿಗೆ ಕಂಬಳಿ ಹೊದಿಸುತ್ತದೆ ಎನ್ನುವವರೆಗೆ ಚೆನ್ನಾಗಿ ಕೇಳಿಸಿತು. ಕಂಬಳಿ ಎಂಬ ಶಬ್ದ ಕಿವಿಗೆ ಬಿದ್ದದ್ದೇ ತಡ, ಕಣ್ಣು ಮುಚ್ಚಿತು. ಮತ್ತೆ ತೆರೆದಾಗ ಪರದೆಯ ಮೇಲೆ ಸುಣ್ಣ ಬಳಿದ ಒಂದು ಮಾಳಿಗೆ ಫಳಫಳ ಹೊಳೆಯುತ್ತಿತ್ತು, ಅದರ ಕೆಳಗೆ 'ಪರಿಹಾರ' ಎಂದಿತ್ತು. ನಡುವೆ ಏನು ಹೇಳಿದರೋ ದೇವರೇ ಬಲ್ಲ. ಆದಿ ಗೊತ್ತು, ಅಂತ್ಯ ಗೊತ್ತು, ನಡುವಿನದು ಕಟ್ಟಿಕೊಂಡು ಏನಾಗಬೇಕು ಎಂದು ಚಹಾ ಕುಡಿದು ಬಂದೆ.

ಮನೆಗೆ ಬಂದರೆ ಅಲ್ಲಿ ಬೇರೆಯೇ ಬಿಸಿ ಕಾದಿತ್ತು. ನಮ್ಮದು ಶಹಾಬಾದ್ ಹಾಸುಗಲ್ಲಿನ ಮನೆ. ನಾವು ಅದಕ್ಕೆ ಪರಸಿ ಎನ್ನುತ್ತೇವೆ. ನೆಲಕ್ಕೂ ಪರಸಿ, ಮಾಳಿಗೆಗೂ ಪರಸಿ. ಬೇಸಿಗೆಯಲ್ಲಿ ಆ ಕಲ್ಲು ಕಾದು ಕೆಂಡವಾಗಿ, ಕೆಳಗಿರುವ ನಾವೆಲ್ಲ ಕಾವಲಿಯ ಮೇಲಿನ ರೊಟ್ಟಿಯಂತೆ ಆಗಾಗ ಮಗ್ಗಲು ಬದಲಿಸುತ್ತೇವೆ. ಅವ್ವ ಒದ್ದೆ ಟವೆಲು ತಲೆಗೆ ಹಾಕಿಕೊಂಡು ಫೋನಿನಲ್ಲಿ ಮಾತಾಡುತ್ತಿದ್ದಳು. ಆ ಕಡೆ ಕಾಳಗಿಯಿಂದ ನಮ್ಮಣ್ಣ ಸುರೇಶಕುಮಾರ. ನನ್ನನ್ನು ಕಂಡು ಫೋನು ನನ್ನ ಕಿವಿಗೇ ಹಿಡಿದಳು.

"ಜೈ ಭೀಮ್ ತಮ್ಮಾ! ಮನಿಗಿ ಏಸಿ ಹಾಕ್ಸೀನಿ. ಅವ್ವಗ ಕಳಸಿಬಿಡು. ಆ ಬೆಂಕಿಯಾಗ ಯಾಕ ಸುಡ್ಲಿಕತ್ತೀದಿ ಆಕಿಗಿ?"

ಅವ್ವ ನನ್ನ ಮುಖ ನೋಡದೆ, "ನಾಕ್ ದಿನ ಹೋಗಿ ಬರ್ತೀನೇಳು ದೇವಾ. ಭಾಳ ಝಳ ಆಗ್ಯಾದ" ಎಂದಳು.

ನಾಲ್ಕು ದಿನ! ಏಸಿಯ ರುಚಿ ಹತ್ತಿದವರು ಮೇ ತಿಂಗಳಲ್ಲಿ ಚಿತ್ತಾಪುರಕ್ಕೆ ತಿರುಗಿ ಬಂದ ಉದಾಹರಣೆ ಇದೆಯೇ? ಅವ್ವ ಇಲ್ಲದ ಮನೆ ನನಗೆ ಆಗುವುದಿಲ್ಲ. ಇದನ್ನು ಹೇಳಲು ನನಗೆ ನಾಚಿಕೆಯೂ ಇಲ್ಲ. ಕಚೇರಿಯಿಂದ ಬಂದಾಗ ಒಳಗಿನಿಂದ "ಬಂದ್ಯಾ?" ಎನ್ನುವ ದನಿ ಕೇಳದಿದ್ದರೆ, ನಾನು ಬಂದೆನೋ ಇಲ್ಲವೋ ಎಂದು ನನಗೇ ಅನುಮಾನ ಬರುತ್ತದೆ. ಅದರ ಮೇಲೆ ಅಣ್ಣನೆದುರು ಒಂದು ಯಂತ್ರದ ಕಾರಣಕ್ಕೆ ಸೋಲುವುದೆಂದರೇನು!

"ಏಸಿನಾ?" ಎಂದು ಗುಡುಗಿದೆ. "ಏಸಿಗಿ ಕರೆಂಟ ಬೇಕು, ಕರೆಂಟಿಗಿ ಕಲ್ಲಿದ್ದಲು ಸುಡಬೇಕು, ಸುಟ್ರ ಹೊಗಿ, ಹೊಗಿ ಅಂದ್ರ ಭೂಮಿಗಿ ಕಂಬಳಿ! ಆ ಏಸಿ ಒಂದು ಖೋಲಿ ಥಂಡ ಮಾಡಿ ಲೋಕಾನೇ ಬಿಸಿ ಮಾಡ್ತದ ಅವ್ವಾ! ಎಂಟು ದಿನ ತಡಿ, ಈ ಮನಿನೇ ಥಂಡ ಮಾಡಿ ತೋರಸ್ತೀನಿ."

ಅವ್ವ ಬೆರಗಾಗಿ ಕೇಳಿದಳು. ಆದರೆ ನನ್ನ ಹೆಂಡತಿ ಸಂಘಮಿತ್ರಾ ಸರಕಾರಿ ಆಸ್ಪತ್ರೆಯಲ್ಲಿ ನರ್ಸು. ಸುಳ್ಳು ಹೊಟ್ಟೆನೋವಿನವರನ್ನು ಬಾಗಿಲಲ್ಲೇ ಗುರುತಿಸುವವಳು.

"ಫ್ಯಾನಿಗಿ ಕರೆಂಟ ಎಲ್ಲಿಂದ ಬರ್ತದ್ರಿ?" ಎಂದಳು.

"ಅದೂ ಅಲ್ಲಿಂದಾನೇ."

"ಫ್ರಿಜ್ಜಿಗಿ?"

"ಅದಕ್ಕೂ."

"ನಿಮ್ಮ ಮೊಬೈಲಿಗಿ?"

"ಅದು... ಸಣ್ಣದದ."

"ಮತ್ತ ಸಿಮೆಂಟ?"

"ಅದಂತೂ ಭಾಳ ಕೆಟ್ಟದ್ದು! ಸುಣ್ಣದ ಕಲ್ಲು ಸುಟ್ಟು ಮಾಡ್ತಾರ ಅದಕ್ಕ."

"ಹಂಗಾರ ಪರಿಹಾರ ಏನ್ರಿ?"

"ಸುಣ್ಣ! ಮಾಳಿಗಿಗಿ ಸುಣ್ಣ!"

"ಸುಣ್ಣ ಹ್ಯಾಂಗ ಮಾಡ್ತಾರ್ರಿ?"

"ಸುಣ್ಣದ ಕಲ್ಲು ಸುಟ್ಟು..."

"ಅಂದ್ರ ಕಾರಣಾನೂ ಅದೇ, ಪರಿಹಾರಾನೂ ಅದೇ ಏನ್ರಿ?"

ಇದಕ್ಕೆ ಉತ್ತರ ಖಂಡಿತ ಇತ್ತು. ಅದನ್ನು ಅವರು ನಾನು ಮಲಗಿದ್ದಾಗ ಹೇಳಿಬಿಟ್ಟಿದ್ದರು. ಆದರೆ ಗಂಡಸು ಗೊಂದಲದಲ್ಲಿದ್ದಾಗ ಮಾಡಬೇಕಾದ್ದು ಒಂದೇ, ಕೂಡಲೇ ಕೆಲಸ ಶುರು ಮಾಡುವುದು. ಯೋಚಿಸುತ್ತ ಕೂತರೆ ತನಗೆ ಏನೂ ಗೊತ್ತಿಲ್ಲ ಎನ್ನುವುದು ಬೇರೆಯವರಿಗೂ ಗೊತ್ತಾಗುತ್ತದೆ.

ಭಾನುವಾರ ಅವ್ವ ಒಂದು ಮದುವೆಗೆಂದು ಶಹಾಬಾದಿಗೆ ಹೋದಳು. ಸಂಘಮಿತ್ರಾ ಡ್ಯೂಟಿಗೆ ಹೋದಳು. ನಾನು ಡ್ರಮ್ಮಿನಲ್ಲಿ ಸುಣ್ಣ ಕಲಸಿ, ಅಂಟು ಹಾಕಿ, ಉಪ್ಪು ಹಾಕಿ, ಭೂಮಾತೆಗೆ ಮನಸ್ಸಿನಲ್ಲೇ ಅಭಯ ನೀಡಿ ಮಾಳಿಗೆ ಹತ್ತಿದೆ. ಚಪ್ಪಲಿಗೆ ಸುಣ್ಣ ಹತ್ತೀತೆಂದು ಬರಿಗಾಲಲ್ಲಿ ಹತ್ತಿದ್ದು ತಪ್ಪಾಯಿತು. ಪರಸಿ ಸುಡುತ್ತಿತ್ತು! ಒಂದು ಕಾಲು ಇಟ್ಟರೆ ಇನ್ನೊಂದು ತಾನೇ ಮೇಲೇಳುತ್ತಿತ್ತು. ಹಾಗೆ ಕುಣಿಯುತ್ತಲೇ, ಕೈಯಲ್ಲಿ ಕುಂಚ, ಮೈಮೇಲೆ ಸುಣ್ಣ, ಬಾಯಲ್ಲಿ "ಹಾ! ಹೂ!" ಎಂಬ ಉದ್ಗಾರಗಳೊಂದಿಗೆ ಜಗತ್ತನ್ನು ಉಳಿಸತೊಡಗಿದೆ.

ಎದುರು ಮನೆಯ ಇಮಾಮ್‌ಬೀ ಚಾಚಿ ಅಂಗಳಕ್ಕೆ ಬಂದು ಮೇಲೆ ನೋಡಿದಳು. ಬೆಳ್ಳಗೆ ಬೂದಿ ಬಳಿದುಕೊಂಡಂತಿದ್ದವನೊಬ್ಬ ನಡುಮಧ್ಯಾಹ್ನದಲ್ಲಿ ಮಾಳಿಗೆಯ ಮೇಲೆ ಕುಣಿಯುತ್ತಿದ್ದಾನೆ!

"ಯಾ ಅಲ್ಲಾ! ದೇವಾನಂದಗ ಬಿಸಿಲು ತಲಿಗಿ ಹತ್ಯಾದ!" ಎಂದು ಕೂಗಿದವಳೇ ಆಸ್ಪತ್ರೆಗೆ ಫೋನು ಮಾಡಿಸಿದಳು. ಸಂಘಮಿತ್ರಾ ಆಟೊದಲ್ಲಿ ಓಡಿ ಬಂದು, ನಿಚ್ಚಣಿಕೆ ಹತ್ತಿ, ನಾನು ಹೇಳುವುದನ್ನು ಕೇಳದೆ ಓಆರ್‌ಎಸ್ ಕುಡಿಸಿದಳು.

"ನನಗ ಏನೂ ಆಗಿಲ್ಲ, ಸುಣ್ಣ ಹಚ್ಚಲಿಕತ್ತೀನಿ!" ಎಂದೆ.

"ಬಿಸಿಲು ಹತ್ತಿದವ್ರೆಲ್ಲ ಹಿಂಗೇ ಅಂತಾರ. ಕುಡೀರಿ" ಎಂದಳು.

ಆದರೆ ಕೇಳಿ, ಕೆಲಸವಾಯಿತು! ಎರಡನೇ ಕೈ ಸುಣ್ಣ ಒಣಗಿದ ಮರುದಿನವೇ ಮನೆಯೊಳಗೆ ಕಾವು ಇಳಿಯಿತು. ಮಧ್ಯಾಹ್ನ ಮನೆಗೆ ಬಂದು ನೋಡಿದರೆ ಅವ್ವ ಟವೆಲಿಲ್ಲದೆ ಮಲಗಿ ಸಣ್ಣಗೆ ಗೊರಕೆ ಹೊಡೆಯುತ್ತಿದ್ದಳು. ಎದ್ದವಳೇ, "ಛಲೋ ನಿದ್ದಿ ಬಂತು ನೋಡು. ಕಾಳಗಿಗಿ ಯಾಕ ಹೋಗ್ಲಿ?" ಎಂದಳು. ನನ್ನ ಎದೆ ಎಷ್ಟು ಉಬ್ಬಿತೆಂದರೆ ಅಂಗಿಯ ಗುಂಡಿ ಗಾಬರಿಯಾಯಿತು. ಕೂಡಲೇ ಮಾಳಿಗೆಯ ಫೋಟೊ ತೆಗೆದು ಅಣ್ಣನಿಗೆ ಕಳಿಸಿದೆ. ಅವನು ಒಂದು ಹೆಬ್ಬೆರಳು ಮಾತ್ರ ಕಳಿಸಿದ. ಹೊಟ್ಟೆಕಿಚ್ಚು!

ಈ ವೈಭವದ ನಡುವೆ ನಾನು ಮರೆತದ್ದು ಒಂದೇ. ನಮ್ಮ ಮಾಳಿಗೆ ನಮ್ಮದಷ್ಟೇ ಅಲ್ಲ, ಇಡೀ ಓಣಿಯದು. ಜೂನಿನಲ್ಲಿ ಮಿರಗದ ಮಳೆ ಬೀಳುವುದರೊಳಗೆ ಓಣಿಯ ಹೆಂಗಸರೆಲ್ಲ ವರ್ಷದ ಸಂಡಿಗೆ, ಹಪ್ಪಳ ಮಾಡಿ ಮುಗಿಸಬೇಕು. ಅವನ್ನು ಒಣಗಿಸುವುದು ನಮ್ಮ ಮಾಳಿಗೆಯ ಮೇಲೆ, ಹಿಂದಿನಿಂದಲೂ. ಕಾರಣ, ಅಷ್ಟು ಕಾಯುವ ಪರಸಿ ಓಣಿಯಲ್ಲಿ ಇನ್ನೊಂದಿಲ್ಲ. ಬೆಳಿಗ್ಗೆ ಹಾಕಿದ ಜೋಳದ ಸಂಡಿಗೆ ಸಂಜೆಗೆ ಗರಿಗರಿ. ಅವ್ವನಿಗೆ ಇದು ಮಗನಿಗೆ ನೌಕರಿ ಸಿಕ್ಕಿದ್ದಕ್ಕಿಂತ ದೊಡ್ಡ ಹೆಮ್ಮೆ. "ಅನಸುಬಾಯಿ ಮಾಳಿಗಿ ಸಂಡಿಗಿ" ಎಂದರೆ ಬೀಗರ ಮನೆಗಳಲ್ಲೂ ಅವ್ವನ ಹೆಸರು.

ಆ ವಾರ ಅವ್ವ, ಇಮಾಮ್‌ಬೀ ಚಾಚಿ, ಹಿಂದಿನ ಮನೆಯ ಭೀಮಬಾಯಿ ಕೂಡಿ ಜೋಳದ ಹಿಟ್ಟು ಕುದಿಸಿದರು. ಹಳೆಯ ಬಿಳಿ ಧೋತರ ಹಾಸಿ ಸಂಡಿಗೆ ಇಟ್ಟು ಬಂದರು. ಸಂಜೆ ನೋಡಿದರೆ ಮೇಲೆ ಹಪ್ಪಳ, ಕೆಳಗೆ ಹಿಟ್ಟು! ತಿರುವಿ ಹಾಕಿದರು. ಮರುದಿನವೂ ಅದೇ ಕಥೆ. ಸುಣ್ಣದ ಬೆಳಕಿಗೆ ಕಣ್ಣು ಕುಕ್ಕಿ ಇಮಾಮ್‌ಬೀ ಚಾಚಿ ಮೊಮ್ಮಗಳು ರುಕ್ಸಾರಳ ಗುಲಾಬಿ ಗಾಗಲ್ ಹಾಕಿಕೊಂಡು ಬಂದಳು. ಅಷ್ಟರಲ್ಲಿ ನಾನು ನನ್ನ ಸಾಧನೆಯನ್ನು ಕಣ್ತುಂಬಿಕೊಳ್ಳಲು ಮೇಲೆ ಹೋದೆ. ಬಿಳಿ ಮಾಳಿಗೆ, ಬಿಳಿ ಧೋತರ, ಬಿಳಿ ಸಂಡಿಗೆ. ಏನೂ ಕಾಣಲಿಲ್ಲ. ಪಚಕ್ ಎಂದಾಗಲೇ ತಿಳಿದದ್ದು, ಭೀಮಬಾಯಿಯ ವರ್ಷದ ಸಂಡಿಗೆಯ ನಟ್ಟನಡುವೆ ನಿಂತಿದ್ದೇನೆಂದು. ಗಾಬರಿಯಾಗಿ ಹಿಂದೆ ಸರಿದೆ. ಅಲ್ಲಿ ಇಮಾಮ್‌ಬೀ ಚಾಚಿಯದು!

ಹೆಂಗಸರ ನಿಯೋಗ ಅಂಗಳದಲ್ಲಿ ಸೇರಿತು.

"ದೇವಾನಂದ ಸರ, ಹಿಟ್ಟು ಹುಳಿ ಬರ್ಲಿಕತ್ಯಾದ. ನಮ್ಮ ಮಾಳಿಗಿ ಬಿಸಿ ನಮಗ ತಿರುಗಿ ಕೊಡ್ರಿ!" ಎಂದಳು ಭೀಮಬಾಯಿ.

"ತಾಯೀ, ಬಿಸಿ ಕಡಿಮಿ ಮಾಡ್ಲಿಕ್ಕೇ ಸುಣ್ಣ ಹಚ್ಚೀನಿ. ಭೂಮಿ ಸುಡ್ಲಿಕತ್ಯಾದ!"

"ಭೂಮಿ ಸುಡ್ಲಿಕತ್ಯಾದ ಅಂತೀರಿ, ಸಂಡಿಗಿ ಒಣಗವಲ್ದು. ಯಾವುದು ಖರೇರಿ?"

ನನಗೂ ಅದೇ ಪ್ರಶ್ನೆ! ಬಿಸಿ ಹೆಚ್ಚಾಯಿತೆಂದು ಜಗತ್ತು ಅಳುತ್ತದೆ, ಸಾಲದೆಂದು ನಮ್ಮ ಓಣಿ ಅಳುತ್ತದೆ. ಯಾರ ಕಣ್ಣೀರು ಒರೆಸಲಿ? ಕೊನೆಗೆ ರಾಜಿಸೂತ್ರ ಹುಡುಕಿದೆ. ಅರ್ಧ ಮಾಳಿಗೆಗೆ ಕರಿ ತಾಡಪತ್ರಿ ಹಾಸಿದೆ, ಅರ್ಧ ಬಿಳಿ ಬಿಟ್ಟೆ. ಕರಿ ಕಡೆ ಸಂಡಿಗೆಗೆ, ಬಿಳಿ ಕಡೆ ಭೂಮಿಗೆ. ಆದರೆ ಕರಿ ಅರ್ಧದ ಕೆಳಗೇ ಅವ್ವನ ಮಂಚ! ಮಂಚವನ್ನು ಅಡುಗೆಮನೆಗೆ ತಂದೆ. ಒಲೆಯ ಝಳ ತಾಗುತ್ತದೆಂದು ಒಲೆಯನ್ನು ಪಡಸಾಲೆಗೆ ತಂದೆ. ಪಡಸಾಲೆಯ ಟಿವಿಗೆ ಜಾಗವಿಲ್ಲದೆ ಅದು ಬಚ್ಚಲಿನ ಬಾಗಿಲಿಗೆ ಹೋಗಿ ನಿಂತಿತು. ಸಂಘಮಿತ್ರಾ ಡ್ಯೂಟಿ ಮುಗಿಸಿ ಬಂದವಳು ಹೊಸ್ತಿಲಲ್ಲೇ ನಿಂತು, "ನಾ ಬ್ಯಾರೆಯವ್ರ ಮನಿಗಿ ಬಂದೀನೇನ್ರಿ?" ಎಂದು ಕೇಳಿದಳು.

ಇತ್ತ ಮೇಲೆ ಕರಿ ಜಾಗ ಯಾರಿಗೆಂದು ಜಗಳ ಹತ್ತಿತು. ಕೂಡಿ ಹಿಟ್ಟು ಕುದಿಸುವ ಇಮಾಮ್‌ಬೀ ಚಾಚಿ, ಭೀಮಬಾಯಿ ಮೊದಲ ಬಾರಿ ಮುಖ ತಿರುಗಿಸಿ ನಿಂತರು. ಅವ್ವ ಇಬ್ಬರನ್ನೂ ನೋಡಿದಳು, ನನ್ನನ್ನೂ ನೋಡಿದಳು, ಒಳಗೆ ಹೋಗಿ ಚೀಲ ತುಂಬತೊಡಗಿದಳು.

"ಎಲ್ಲಿಗವ್ವಾ?"

"ಕಾಳಗಿಗಿ."

"ಮನಿ ಥಂಡ ಅದಲ್ಲವ್ವಾ!"

"ಅದ. ಅದೇ ತ್ರಾಸ ಆಗ್ಯಾದ" ಎಂದಳು.

ಏನೂ ತಿಳಿಯಲಿಲ್ಲ. ಬಸ್ ಸ್ಟ್ಯಾಂಡಿನವರೆಗೆ ಬೇಡಿಕೊಳ್ಳುತ್ತ ಹೋದೆ. ಆಶ್ಚರ್ಯವೆಂದರೆ ಇಮಾಮ್‌ಬೀ ಚಾಚಿಯೂ ಭೀಮಬಾಯಿಯೂ ಜಗಳ ಮರೆತು ದೊಡ್ಡ ದೊಡ್ಡ ಡಬ್ಬಿ ತಂದು ಅವ್ವನ ಕೈಗೆ ಕೊಟ್ಟರು. ಕಾಳಗಿಯ ಬಸ್ಸು ಧೂಳೆಬ್ಬಿಸಿ ಹೋಯಿತು. ನನಗೆ ನಿಜವಾಗಿಯೂ ಅಳು ಬಂತು. ಒಂದು ಯಂತ್ರಕ್ಕೆ ನಮ್ಮವ್ವ ಮಾರುಹೋದಳಲ್ಲ! ಮನೆಗೆ ಬಂದರೆ ತಂಪು ಕೋಣೆಯಲ್ಲಿ "ಬಂದ್ಯಾ?" ಎನ್ನುವವರಿಲ್ಲ. ಆ ತಂಪು ಯಾರಿಗೆ ಬೇಕಿತ್ತು?

ಮರುದಿನ ಸಂಜೆ ತಡೆಯಲಾರದೆ ಕಾಳಗಿಗೆ ಫೋನು ಮಾಡಿದೆ. ಎತ್ತಿದವರು ಅಣ್ಣನ ಹೆಂಡತಿ ಪೂನಮ್ ವೈನಿ.

"ವೈನಿ, ಅವ್ವ ಏಸಿಯಾಗ ಆರಾಮ ಅದಾಳೇನ್ರಿ?"

"ಎಲ್ಲಿ ಏಸಿ! ಅತ್ತಿ ಆ ಖೋಲಿಯಾಗ ಕಾಲೇ ಇಡವಲ್ರು. ಥಂಡಿ ಹತ್ತತದಂತ. ಮುಂಜಾನಿಂದ ಮಾಳಿಗಿ ಮ್ಯಾಲೇ ಕುಂತಾರ."

"ಬಿಸಿಲಾಗ? ಏನ್ ಮಾಡ್ಲಿಕತ್ಯಾಳ್ರಿ?"

"ಏಸಿದು ಹೊರಗಿನ ಡಬ್ಬಿ ಮಾಳಿಗಿ ಮ್ಯಾಲ ಅದಲ್ಲ, ಅದು ಬುಸ್ಸಂತ ಬಿಸಿ ಗಾಳಿ ಬಿಡ್ತದಲ್ಲ, ಅದರ ಮುಂದ ಚಿತ್ತಾಪುರದಿಂದ ತಂದ ಹಿಟ್ಟಿನ ಸಂಡಿಗಿ ಹರವಿ ಕುಂತಾರ! ಕೆಳಗ ಖೋಲಿಯಾಗ ನರಪಿಳ್ಳಿ ಇಲ್ಲ, ಮ್ಯಾಲ ಸಂಡಿಗಿಗಿ ಅಂತ ದಿನಾಪೂರ್ತಿ ಏಸಿ ಹಚ್ಚಿಸ್ಯಾರ. ನಿಮ್ಮಣ್ಣ ಬಂದ್ ಮಾಡ್ಲಿಕ್ಕ ಹೋದ್ರ ಲಟ್ಟಣಗಿ ತೋರಸ್ತಾರ. ನಿಮ್ಮ ಓಣಿ ಹೆಣ್ಮಕ್ಕಳೆಲ್ಲ ನಾಳಿ ಬಸ್ಸಿಗಿ ಬರೋವ್ರದಾರಂತ, ಖರೇನ್ರಿ?"

ನಾನು ಸುಣ್ಣ ಬಳಿದು ಉಳಿಸಿದ ಭೂಮಿಯನ್ನು ನಮ್ಮವ್ವ ಕಾಳಗಿಯಲ್ಲಿ ಕೂತು ಹದವಾಗಿ ಕಾಯಿಸುತ್ತಿದ್ದಳು!

"ಅವ್ವಗ ಕೊಡ್ರಿ ಫೋನು" ಎಂದೆ. ಹಿಂದೆ ಯಂತ್ರದ ಬುಸ್ಸೆನ್ನುವ ಸದ್ದು, ಮುಂದೆ ಅವ್ವನ ಸಂತೋಷದ ದನಿ.

"ದೇವಾ, ಒಂದೇ ಮಧ್ಯಾಹ್ನಕ್ಕ ಗರಿಗರಿ ಆಗ್ಯಾವ ನೋಡು! ಎಲ್ಲಾ ಮುಗಿಸಿಕೊಂಡು ಬರ್ತೀನಿ. ಮಲಗಲಿಕ್ಕ ನಿನ್ನ ಮನಿ ಛಲೋ, ಒಣಗಸಲಿಕ್ಕ ನಿಮ್ಮಣ್ಣನ ಮನಿ ಛಲೋ."

"ಅವ್ವಾ, ಏಸಿ ಹಚ್ಚಬ್ಯಾಡ್ರಿ ಅಂತ ಅಷ್ಟು ಬಡಕೊಂಡು ಹೇಳಿದ್ನಲ್ಲಾ! ನನ್ನ ಮಾತು ಯಾರೂ ಕೇಳಂಗಿಲ್ಲೇನು?"

"ಅಯ್ಯ, ಯಾಕ ಕೇಳಂಗಿಲ್ಲ ನನ್ನಪ್ಪಾ! ನಿನ್ನ ಹೆಣ್ತಿ ನಂಬಲಿಲ್ಲ, ಓಣಿಯವ್ರು ನಂಬಲಿಲ್ಲ, ನಾ ಒಬ್ಬಾಕಿನೇ ನಂಬೀನಿ. ಏಸಿ ಲೋಕಾನೇ ಬಿಸಿ ಮಾಡ್ತದ ಅಂತ ನೀನೇ ಹೇಳಿದ್ದಿಲ್ಲೇನು? ಅದಕ್ಕೇ ಬಂದೀನಿ!"