ನಮ್ಮ ಮಾವ ಬಿಟ್ಟ ಕೊನೆಯ ಬಾಲು

ನಮ್ಮ ಮಾವನಿಗೆ ಕ್ರಿಕೆಟ್ಟಿನಲ್ಲಿ ಏನಿಷ್ಟ ಎಂದು ಯಾರಾದರೂ ಕೇಳಿದರೆ ನಾನು ಥಟ್ಟನೆ ಹೇಳಿಬಿಡುತ್ತೇನೆ: ಏನೂ ಆಗದೇ ಇರುವುದು! ಚೆಂಡು ಬರಬೇಕು, ಬ್ಯಾಟು ಮೇಲೇಳಬೇಕು, ಚೆಂಡು ತನ್ನ ಪಾಡಿಗೆ ತಾನು ಕೀಪರಿನ ಕೈ ಸೇರಬೇಕು. ಆಗ ಮಾವ ಕುರ್ಚಿಯ ಕೈ ಬಡಿದು, "ಆಹಾ! ಎಷ್ಟ್ ಚಂದ ಬಿಟ್ಟ ನೋಡು!" ಎನ್ನುತ್ತಾರೆ. ಸಿಕ್ಸರು ಹೊಡೆದರೆ ಮುಖ ಹುಳಿ ಹುಳಿ. ಇಂಥವರು ಅಂಕೋಲೆ ಹತ್ತಿರದ ನಮ್ಮೂರು ಶೆಟಗೇರಿಯಲ್ಲಿ ಇನ್ನೊಬ್ಬರಿಲ್ಲ. ಇದ್ದಿದ್ದರೆ ಮಾವ ಅವರನ್ನು ಕೈ ಹಿಡಿದು ಎಳೆತಂದು ಐದು ದಿನ ಟೀವಿ ಮುಂದೆ ಕೂರಿಸಿಕೊಳ್ಳುತ್ತಿದ್ದರು. ಅವರ ಜೀವನದ ಕೊರಗು ಅದೊಂದೇ. ಆಟದ ರುಚಿ ಗೊತ್ತಿರುವ ಒಬ್ಬ, ಒಬ್ಬನೇ ಒಬ್ಬ, ಅಂಕೋಲೆಯಲ್ಲಿ ಬೇಡ, ಕಾರವಾರದ ತನಕ ಹುಡುಕಿದರೂ ಸಿಗಲಿಲ್ಲವಲ್ಲ!

ನಾನಂತೂ ಆ ಪರೀಕ್ಷೆಯಲ್ಲಿ ಎಂದೋ ಫೇಲು. ಕಾರವಾರದಲ್ಲಿ ಕಚೇರಿ ಕೆಲಸ ಮಾಡುವ ನನಗೆ ಕ್ರಿಕೆಟ್ಟೆಂದರೆ ಬಸ್ಸಿನಲ್ಲಿ ಕೂತು ಮೊಬೈಲಿನಲ್ಲಿ ನೋಡುವ ಎರಡು ನಿಮಿಷದ ತುಣುಕು. ಆರು ಸಿಕ್ಸರು, ನಾಲ್ಕು ವಿಕೆಟ್ಟು, ಒಂದು ಕುಣಿತ, ಮುಗಿಯಿತು. "ತಂಗೀ, ನೀನು ಆಟ ನೋಡವಳಲ್ಲ, ಮೀನು ಬಿಟ್ಟು ಮುಳ್ಳು ತಿನ್ನವಳು" ಎಂದು ಮಾವ ತೀರ್ಪು ಕೊಟ್ಟಾಗಿದೆ. (ನಾನು ಅವರ ಅಕ್ಕನ ಮಗಳು. ಆದರೆ ನಮ್ಮ ಕಡೆ ಹಿರಿಯರ ಬಾಯಲ್ಲಿ ಚಿಕ್ಕವರೆಲ್ಲ ತಂಗಿಯರೇ!)

ಮಾವನ ಈ ಹುಚ್ಚಿನ ನಿಜವಾದ ಭಾರ ಹೊತ್ತವಳು ಅತ್ತೆ. ಭಾರತ ತಂಡ ಆಸ್ಟ್ರೇಲಿಯಾಕ್ಕೆ ಹೋಯಿತೆಂದರೆ ಅತ್ತೆಗೆ ಕಷ್ಟಕಾಲ ಶುರು. ಅಲ್ಲಿಯ ಆಟ ನಮ್ಮ ಬೆಳಗಿನ ಐದಕ್ಕೆ, ಊಟದ ವಿರಾಮ ಏಳಕ್ಕೆ. ಆಟಗಾರರು ಊಟಕ್ಕೆ ಹೋದಾಗ ತಾನೂ ಊಟಕ್ಕೆ ಕೂರಬೇಕು, ಅವರು ಚಹಾಕ್ಕೆ ಹೋದಾಗ ತಾನೂ ಚಹಾ ಕುಡಿಯಬೇಕು ಎಂಬುದು ಮಾವನ ನೇಮ. ಒಮ್ಮೆ ಏಳು ಗಂಟೆಗೆ ಸರಿಯಾಗಿ ಬಾಳೆಎಲೆ ಹಾಸಿಕೊಂಡು ಕೂತರು.

"ಅವ್ರು ಊಟಕ್ಕೆ ಹೋದ್ರು" ಎಂದರು.

"ಹೋಗ್ಲಿ. ಅವ್ರ ಮನೇಲಿ ಬೇಯ್ಸಿಟ್ಟಿರ್ತಾರೆ. ಇಲ್ಲಿ ಮೀನಿನವಳೇ ಇನ್ನೂ ಬರ್ಲಿಲ್ಲ!" ಎಂದು ಅತ್ತೆ ಒಳಗಿನಿಂದಲೇ ಕೂಗಿದಳು.

ಮೀನಿನವಳು ಬರುವುದು ಒಂಬತ್ತಕ್ಕೆ. ಅಷ್ಟರಲ್ಲಿ ಆಟಗಾರರಿಗೆ ಚಹಾದ ಹೊತ್ತು ಹತ್ತಿರ ಬಂದಿರುತ್ತದೆ. ಹೀಗಾಗಿ ಆ ಸರಣಿ ಮುಗಿಯುವವರೆಗೆ ಮಾವ ಬಂಗಡೆಯ ಮುಖ ನೋಡದೆ ಬರೀ ಗಂಜಿ, ಉಪ್ಪಿನಕಾಯಿ ಉಂಡರು. ಮೀನಿಲ್ಲದೆ ಒಂದು ದಿನ ತುತ್ತಿಳಿಯದ ನಮ್ಮ ಕಡೆಯವರಲ್ಲಿ ಇದಕ್ಕಿಂತ ದೊಡ್ಡ ತ್ಯಾಗ ಯಾವುದಾದರೂ ಉಂಟೇ?

ಆದರೆ ಈಗೀಗ ಟೆಸ್ಟ್ ಆಡುವವರಿಗೂ ಅವಸರ ಬಂದುಬಿಟ್ಟಿದೆ. ಎಲ್ಲರೂ ಇಪ್ಪತ್ತು ಓವರಿನ ಆಟದಲ್ಲಿ ಬೆಳೆದವರು, ಬಿಡುವುದು ಗೊತ್ತಿಲ್ಲ, ಬೀಸುವುದು ಗೊತ್ತು. ಐದು ದಿನದ ಆಟ ಮೂರೇ ದಿನಕ್ಕೆ ಮಗುಚಿಕೊಳ್ಳುತ್ತದೆ. ಹಾಗೆ ಒಂದು ಪಂದ್ಯ ಮುಗಿದಾಗ ಮಾವ ಸೂತಕದವರಂತೆ ಜಗಲಿಯಲ್ಲಿ ಕೂತಿದ್ದರು. "ಇನ್ನೆರಡು ದಿನ ನಾ ಎಂತಾ ಮಾಡೂದು?" ಎಂದು ಕೇಳಿದ್ದೇ ತಪ್ಪಾಯಿತು. ಅತ್ತೆ ಮುನ್ನೂರು ತೆಂಗಿನಕಾಯಿ ಸುಲಿಸಿದಳು.

ಎದುರುಮನೆಯಲ್ಲಿ ದೊಡ್ಡ ಟೀವಿ ತಂದ ವರ್ಷ ಊರವರೆಲ್ಲ ಸೇರಿ ಮಾವನನ್ನು ಇಪ್ಪತ್ತು ಓವರಿನ ಪಂದ್ಯಕ್ಕೆ ಎಳೆದೊಯ್ದರು. ಚೆಂಡು ಆಕಾಶಕ್ಕೆ ಹಾರಿದಾಗಲೆಲ್ಲ ನಾವು ಎದ್ದು ಕಿರುಚಿದೆವು. ಮಾವ ಮಾತ್ರ ಲೊಚಗುಟ್ಟುತ್ತ, "ಪಾಪ, ಆ ಬಾಲು ಹಾಕಿದವನ ಮುಖ ತೋರ್ಸಿ ಮಾರಾಯ್ರೇ. ಅವಂಗೂ ಹೆಂಡ್ತಿ ಮಕ್ಕಳು ಇರೂದಿಲ್ವಾ?" ಎನ್ನುತ್ತಿದ್ದರು. ಹದಿಮೂರನೆಯ ಸಿಕ್ಸರಿಗೆ ಎದ್ದು ಹೊರಟೇಬಿಟ್ಟರು. "ಅನ್ನ ಇಲ್ಲ, ಸಾರು ಇಲ್ಲ, ಬರೇ ಹೋಳಿಗೆ ಬಡಿಸಿದ್ರೆ ಅದೂ ಒಂದು ಊಟವಾ?" ಎಂದು ಬಾಗಿಲಲ್ಲಿ ನಿಂತು ಕೇಳಿದರು. ನಮಗೆ ಉತ್ತರಿಸಲು ಪುರಸೊತ್ತಿರಲಿಲ್ಲ. ಹದಿನಾಲ್ಕನೆಯದು ಹಾರುತ್ತಿತ್ತು!

ಇಷ್ಟಾದರೂ ಊರಿನ ತರುಣರಿಗೆ ಮಾವ ಬೇಕು. ಯಾಕೆ ಗೊತ್ತೇ? ಭತ್ತ ಕೊಯ್ದ ಮೇಲೆ ಶೇಂಗಾ ಬಿತ್ತುವ ತನಕ ನಮ್ಮ ಕಡೆಯ ಗದ್ದೆಗಳೇ ಕ್ರಿಕೆಟ್ ಮೈದಾನ. ಎಲ್ಲಕ್ಕಿಂತ ಚಪ್ಪಟೆ ಗದ್ದೆ ನಮ್ಮ ಮಾವನದು. ಒಂದು ವರ್ಷವಂತೂ ಗದ್ದೆಯಿಡೀ ಶೇಂಗಾ ಬಿತ್ತಿ ನಡುವಿನ ಪಿಚ್ಚನ್ನು ಹಾಗೇ ಬಿಟ್ಟಿದ್ದರು. ಹಸಿರಿನ ಮಧ್ಯೆ ಬೋಳಾದ ಇಪ್ಪತ್ತೆರಡು ಗಜ ನೋಡಿ ಅತ್ತೆ, "ನಾಳೆ ಅಡುಗೆಮನೆಯಲ್ಲೂ ಮೂರು ಗೂಟ ನೆಡಿ" ಎಂದಿದ್ದಳು. ಗದ್ದೆ ಕೊಡುವುದಕ್ಕೆ ಮಾವನದು ಒಂದೇ ಷರತ್ತು: ಟೂರ್ನಮೆಂಟಿನ ತಂಡದ ಪಟ್ಟಿಯಲ್ಲಿ ತನ್ನ ಹೆಸರೂ ಇರಬೇಕು. ಅರವತ್ತನಾಲ್ಕರ ಈ ಹನ್ನೆರಡನೆಯ ಆಟಗಾರನನ್ನು ಯಾರು ಆಡಿಸುತ್ತಾರೆ ಎಂದು ತಂಡದವರೂ ನಗುತ್ತ ಬರೆದುಕೊಳ್ಳುತ್ತಿದ್ದರು.

ಈ ವರ್ಷ ಮಂಜಗುಣಿ ಕಡೆಯ ಗದ್ದೆಯಲ್ಲಿ ಫೈನಲ್ಲು. ಐದೈದು ಓವರಿನ ಆಟ, ಎದುರಿಗೆ ಗೋವಾ ಗಡಿಯ ಮಾಜಾಳಿಯ ತಂಡ. ಬೆಳಿಗ್ಗೆಯೇ ನಮ್ಮ ತಂಡದ ಒಬ್ಬನ ಹೆಂಡತಿಗೆ ಹೆರಿಗೆ ನೋವು ಬಂತು. ಪಟ್ಟಿಯಲ್ಲಿ ಹೆಸರಿಲ್ಲದವರು ಆಡುವ ಹಾಗಿಲ್ಲ. ಉಳಿದದ್ದು ಮಾವ!

ಮಾವ ಇಸ್ತ್ರಿ ಮಾಡಿದ ಬಿಳಿ ಪ್ಯಾಂಟಿನಲ್ಲಿ ಬಂದರು. ಕೊನೆಗೆ ಎರಡು ಬಾಲು ಉಳಿದು, ಗೆಲ್ಲಲು ಎರಡು ರನ್ನು ಬೇಕಿದ್ದಾಗ ಕಡೆಯ ಬ್ಯಾಟ್ಸ್‌ಮನ್ನಾಗಿ ಕ್ರೀಸಿಗೆ ಹೋದರು. ಅಂಪೈರಿನ ಹತ್ತಿರ ಮಿಡಲ್ ಸ್ಟಂಪ್ ಕೇಳಿ ಗೆರೆ ಎಳೆದರು. ಫೀಲ್ಡಿನವರನ್ನು ಒಬ್ಬೊಬ್ಬರನ್ನಾಗಿ ನೋಡಿದರು. ಮೈಕಿನವನು ಬಿಡುತ್ತಾನೆಯೇ? "ಹಿರಿಯರು ಗದ್ದೆ ಸರ್ವೆ ಮಾಡ್ತಾ ಇದ್ದಾರೆ! ದಯವಿಟ್ಟು ಸಹಕರಿಸಿ!" ಎಂದ. ಮೊದಲ ಬಾಲನ್ನು ಮಾವ ಮುಂದೆ ಕಾಲಿಟ್ಟು ಮಗುವಿಗೆ ಜೋಗುಳ ಹಾಡುವಷ್ಟು ಮೆತ್ತಗೆ ತಡೆದರು. ಚೆಂಡು ಅತ್ತ ಇತ್ತ ಒಂದಡಿಯೂ ಹೊರಳಲಿಲ್ಲ. "ಅಯ್ಯೋ ಮಾರಾಯಾ!" ಎಂದು ಊರಿಗೆ ಊರೇ ತಲೆ ಚಚ್ಚಿಕೊಂಡಿತು.

ಕೊನೆಯ ಬಾಲು. ಎರಡೇ ರನ್ನು. ಬಾಲು ಬಂತು. ಮಾವ ಎಡಗಾಲು ಮುಂದಿಟ್ಟರು, ಬ್ಯಾಟನ್ನು ತಲೆಯ ಮೇಲಕ್ಕೆತ್ತಿದರು, ಮತ್ತು... ಬಿಟ್ಟರು! ಪೂರ್ತಿ ಬಿಟ್ಟರು! ಚೆಂಡು ಸ್ಟಂಪನ್ನು ಕೂದಲೆಳೆಯಲ್ಲಿ ದಾಟಿ ಕೀಪರಿನ ಕೈ ಸೇರಿತು. ಆ ಕಡೆಯ ನಮ್ಮ ತಂಡದವ ಒಂದು ಬೈ ರನ್ನಾದರೂ ಸಿಕ್ಕಿ ಆಟ ಸಮವಾಗಲಿ ಎಂದು ಜೀವ ಬಿಟ್ಟು ಓಡಿ ಬಂದು ಮಾವನ ಪಕ್ಕ ನಿಂತರೆ, ಇವರು ಶಾಂತವಾಗಿ, "ವಾಪಸ್ ಹೋಗು ತಮಾ, ಇದ್ರಲ್ಲಿ ರನ್ನಿಲ್ಲ" ಎನ್ನುತ್ತಿದ್ದರು. ಅಷ್ಟರಲ್ಲಿ ಆ ಕಡೆಯ ಗೂಟ ಬಿದ್ದು, ಕಪ್ಪು ಮಾಜಾಳಿಯ ಪಾಲಾಗಿತ್ತು.

ಆಮೇಲೆ ಊರಿನವರು ಏನೆಂದರು ಎಂದು ನಾನಿಲ್ಲಿ ಬರೆಯುವುದಿಲ್ಲ. ನನ್ನ ಮರ್ಯಾದೆಯ ಪ್ರಶ್ನೆ! ವಾರವಿಡೀ ಚಹಾದಂಗಡಿಯಲ್ಲಿ ಯಾರೂ ಮಾವನನ್ನು ಮಾತಾಡಿಸಲಿಲ್ಲ. ತಂಡದವರು ಗದ್ದೆಯ ಕಡೆ ಸುಳಿಯಲಿಲ್ಲ. ಮುಂದಿನ ವರ್ಷದ ಪಟ್ಟಿಯಲ್ಲಿ ಹೆಸರಿಲ್ಲ ಎಂಬ ಸುದ್ದಿಯೂ ಬಂತು. ಮಾವ ಜಗಲಿಯಲ್ಲಿ ಕೂತು ಸುಮ್ಮನೆ ರಸ್ತೆ ನೋಡುತ್ತಿದ್ದರು. ಗೇಲಿ ಮಾಡಲೆಂದೇ ಶನಿವಾರ ಕಾರವಾರದಿಂದ ಬಂದಿದ್ದ ನಾನೂ ಪಕ್ಕದಲ್ಲಿ ಕೂತು ರಸ್ತೆ ನೋಡತೊಡಗಿದೆ.

ಭಾನುವಾರ ಒಂದು ಬೈಕು ಬಂದು ಅಂಗಳದಲ್ಲಿ ನಿಂತಿತು. ಇಳಿದವನು ಆ ಕೊನೆಯ ಬಾಲು ಹಾಕಿದ ಮಾಜಾಳಿಯವ. ಮೂವತ್ತೈದರ ಆಸುಪಾಸಿನವ, ದಿನಾ ಗೋವಾಕ್ಕೆ ಹೋಗಿ ಫ್ಯಾಕ್ಟರಿಯಲ್ಲಿ ದುಡಿಯುವವನಂತೆ. ಕೈಯಲ್ಲಿ ಒಂದು ಚೀಲ ಸಿಗಡಿ. ಅದನ್ನು ಅತ್ತೆಯ ಕೈಗೆ ಕೊಟ್ಟು ಜಗಲಿಯ ತುದಿಯಲ್ಲಿ ಕೂತ.

"ಮಾಮಾ, ಒಂದು ಕೇಳ್ಬೇಕಿತ್ತು. ಆ ಬಾಲು... ಹೆಂಗಿತ್ತು?"

ಮಾವ ಅವನ ಕಡೆ ತಿರುಗಿದರು.

"ಒಳಗೆ ಬರೋ ಹಾಗೆ ಹಾಕಿ ಕಡೇಗೆ ಹೊರಗೆ ತಿರುಗ್ಸಿದ್ದೆ. ಟೆನಿಸ್ ಬಾಲಲ್ಲಿ ಸುಮ್ನೆ ಆಗೋದಲ್ಲ ಮಾಮಾ, ಎಷ್ಟೋ ವರ್ಷ ಮಾಡಿ ಮಾಡಿ ಕೈ ಬಂದದ್ದು. ಆದ್ರೆ ಯಾರು ನೋಡ್ತಾರೆ? ಒಳ್ಳೇದು ಹಾಕಿದ್ರೂ ಕಣ್ಣು ಮುಚ್ಚಿ ಬೀಸೋದು, ಅಂಚಿಗೆ ತಾಗಿ ಫೋರು. ಕಪ್ಪು ಗೆದ್ರೂ ಆ ದಿನ ಬಹುಮಾನ ಕೊಟ್ಟದ್ದು ಸಿಕ್ಸರ್ ಹೊಡೆದವಂಗೆ. ಇಷ್ಟ್ ವರ್ಷದಲ್ಲಿ ನನ್ನ ಬಾಲು ನೋಡಿ, ಇದು ಹೊಡೆಯೋ ಬಾಲಲ್ಲ ಅಂತ ಮಾನ ಕೊಟ್ಟು ಬಿಟ್ಟವ್ರು ನೀವೊಬ್ರೇ."

ಅವನ ಕಣ್ಣು ತುಂಬಿತ್ತು. ಮಾವ ನಿಧಾನಕ್ಕೆ ಅವನ ಬಲಗೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು. "ಅಂಥಾ ಬಾಲು ನನ್ನ ಜನ್ಮದಲ್ಲಿ ಆಡ್ಲಿಲ್ಲ ತಮಾ" ಎಂದರು. ಅವನು ಊಟ ಮುಗಿಸಿ, ಬಂದಾಗ ಬಗ್ಗಿದ್ದ ಬೆನ್ನು ನೆಟ್ಟಗೆ ಮಾಡಿಕೊಂಡು ಹೋದ.

ಬೈಕು ತಿರುವು ದಾಟಿತು. "ಅಂತೂ ನಿಮ್ಮ ಜನ ಸಿಕ್ಕಿದ ನೋಡಿ ಮಾವ!" ಎಂದೆ. ಮಾವ ಒಳಗೆ ಅತ್ತೆಯ ಪಾತ್ರೆ ಸದ್ದು ಕೇಳುತ್ತಿದೆಯೇ ಎಂದು ಕಿವಿಗೊಟ್ಟು, ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದರು:

"ತಂಗೀ, ನಂಗೆ ಆ ಬಾಲು ಕಾಣ್ಲೇ ಇಲ್ಲ."

"ಕಾಣಲಿಲ್ಲ ಅಂದರೆ?"

"ಎರಡೂ ಕಣ್ಣಿಗೆ ಪೊರೆ ಬಂದದೆ. ಮಳೆಗಾಲದಲ್ಲೇ ಡಾಕ್ಟ್ರು ಹೇಳಿದ್ರು. ಆಪರೇಷನ್ ಆದ್ರೆ ಸ್ವಲ್ಪ ದಿನ ಟೀವಿ ಬೇಡ ಅಂತಾರೇನೋ ಅಂತ ನಿನ್ನತ್ತೆಗೂ ಹೇಳ್ಲಿಲ್ಲ. ಈಗ ಟೀವಿ ಎದ್ರು ಕೂತು ಕೇಳೂದಷ್ಟೇ. ಆ ದಿನ ಮೊದಲ್ನೇ ಬಾಲು ಅಂದಾಜಿಗೆ ತಡೆದದ್ದು. ಕೊನೇದಕ್ಕೆ ಅವ ಕೈ ತಿರುಗ್ಸಿದ್ದು ಮಸುಕಾಗಿ ಕಂಡ್ತು, ಆಮೇಲೆ ಏನೂ ಇಲ್ಲ. ಕಾಣದ್ದಕ್ಕೆ ಬ್ಯಾಟು ಬೀಸೂಕೆ ಮನಸ್ಸು ಬರ್ಲಿಲ್ಲ."

"ಮತ್ತೆ ಅವನಿಗೆ ಯಾಕೆ ಹೇಳಲಿಲ್ಲ?"

"ಅವ ಅಷ್ಟು ದೂರದಿಂದ ಬಂದದ್ದು ಅದು ಕೇಳೂಕಾ?"

ಇಷ್ಟು ವರ್ಷ ನಾನು ಆಡಿಕೊಂಡು ನಕ್ಕ ಮನುಷ್ಯ ಇವರೇನಾ ಎಂದು ನೋಡುತ್ತ ಕೂತೆ. ನನಗೆ ಅಳು ಬಂತು, ಅದನ್ನು ಮುಚ್ಚಿಡಲೂ ಇಲ್ಲ. ಮಾವನಿಗೆ ಅದೂ ಕಾಣಿಸಲಿಲ್ಲವೆಂದು ತೋರುತ್ತದೆ. ಹೆಗಲ ಮೇಲಿನ ಟವೆಲಿನಿಂದ ಕಣ್ಣೊರೆಸಿಕೊಂಡು ಕೇಳಿದರು:

"ಆಪರೇಷನ್‌ಗೆ ಯಾವತ್ತು ಕರ್ಕಂಡು ಹೋಗ್ತೆ ಹೇಳು. ಆಮೇಲೆ ಅವನತ್ರ ಆ ಬಾಲು ಇನ್ನೊಂದ್ಸಲ ಹಾಕಿಸ್ಬೇಕು. ಈ ಸಲ ಸಮಾ ನೋಡಿ, ಮತ್ತೆ ಬಿಡಬೇಕು."