ಅಳದ ಬ್ರೇಕು

ಭಾನುವಾರ ಬೆಳಿಗ್ಗೆ ಎವುದಾಲ್‌ನ ಸೈಕಲ್ಲಿನ ಹಿಂದಿನ ಬ್ರೇಕು ಎಷ್ಟು ಜೋರಾಗಿ ಅತ್ತಿತೆಂದರೆ, ಅವನ ಮಾಂಸದಂಗಡಿಯ ಕೊಕ್ಕೆಗೆ ನೇತುಬಿದ್ದಿದ್ದ ಹಂದಿ ಕೂಡ ಒಮ್ಮೆ ಕಿವಿ ನಿಮಿರಿಸಿತು. ಅಳುವುದೇನೋ ಸರಿ. ಬಂಡೆ ಹತ್ತುವ ಟ್ರಯಲ್ ಸೈಕಲ್ಲಿನ ಬ್ರೇಕು ಅಳಲೇಬೇಕು. ಆದರೆ ಅತ್ತ ಮೇಲೆ ಚಕ್ರ ನಿಲ್ಲಬೇಕಲ್ಲ? ಅದು ಅಳುತ್ತಳುತ್ತಲೇ ಒಂದು ಗೇಣು ಜಾರಿತು.

ಬೇರೆ ಊರಲ್ಲಿ ಒಂದು ಗೇಣು ಜಾರಿದರೆ ಯಾರೂ ಸಾಯುವುದಿಲ್ಲ. ರೊಕಾಲ್ಟದಲ್ಲಿ ಹಾಗಲ್ಲ. ಸೀಟೇ ಇಲ್ಲದ ಸೈಕಲ್ಲಿನ ಮೇಲೆ ನಿಂತು, ನೆಲಕ್ಕೆ ಕಾಲೂರದೆ, ಹಳೇ ಕಲ್ಲುಗಣಿಯ ಬಂಡೆಯಿಂದ ಬಂಡೆಗೆ ಮೇಕೆಯ ಹಾಗೆ ಕುಪ್ಪಳಿಸುವುದೇ ಆ ಊರಿನ ಆಟ. ತುದಿಯಲ್ಲಿ ಗೇಣುದ್ದ ಜಾರಿದವನನ್ನು ಕೆಳಗಿನಿಂದ ಬಾಚಿ ತರಬೇಕಾಗುತ್ತದೆ.

ಅದೂ ಅವತ್ತು ವರ್ಷದ ಮೊದಲ ಪಂದ್ಯ. ಮೊದಲ ಪಂದ್ಯಕ್ಕೆ ಇಳಿದವನಿಗೇ ವರ್ಷವಿಡೀ ಜಾಗ ಎಂಬುದು ಕ್ಲಬ್ಬಿನ ನಿಯಮ. ಹಿರಿಯರ ತಂಡದಲ್ಲಿ ಇರುವುದೇ ಮೂರು ಜಾಗ. ಹೋದ ವರ್ಷ ಎವುದಾಲ್ ಮಂಡಿ ಊದಿಸಿಕೊಂಡು ಮನೆಯಲ್ಲೇ ಉಳಿದಿದ್ದ. ಗಣಿಯ ಕಡೆಯಿಂದ ಬರುವ ಬ್ರೇಕುಗಳ ಅಳು ಕೇಳುತ್ತಾ, ಹಂದಿಯ ಕರುಳಿಗೆ ಕೊಚ್ಚಿದ ಮಾಂಸ ತುಂಬುತ್ತಾ ಭಾನುವಾರಗಳನ್ನು ಕಳೆದಿದ್ದ. "ಇನ್ನೊಂದು ವರ್ಷ ಹಿಂಗೇ ಕೂತ್ರೆ ನನ್ನನ್ನೇ ಕರುಳಿಗೆ ತುಂಬ್ಕೊಂಡು ಬಿಡ್ತೀನಿ" ಎಂದು ಹೆಂಡತಿಗೆ ಹೇಳಿದ್ದ. ಅವಳು ಬೇಡ ಅಂದಿರಲಿಲ್ಲ.

ಹಿತ್ತಲಲ್ಲಿ ಸೈಕಲ್ಲನ್ನು ತಲೆಕೆಳಗು ನಿಲ್ಲಿಸಿ ಬಗ್ಗಿ ನೋಡಿದ. ಎಡಗಡೆಯ ಬ್ರೇಕ್ ರಬ್ಬರು ರಿಮ್ಮಿನ ಅಂಚಿನಲ್ಲಿ ಅರ್ಧಂಬರ್ಧ ಕೂರುತ್ತಿತ್ತು. ಬಲಗಡೆಯದು ರಿಮ್ಮು ಬಿಟ್ಟು ಟಯರನ್ನೇ ನೆಕ್ಕುತ್ತಿತ್ತು. ಜಗಳವಾಡಿದ ಗಂಡ ಹೆಂಡತಿ ಒಂದೇ ಬೆಂಚಿನ ಮೇಲೆ ಕೂತ ಹಾಗೆ, ಒಂದಕ್ಕೊಂದು ಮುಖ ಕೊಡುತ್ತಿರಲಿಲ್ಲ.

"ಏನೋ ಅದು? ಪ್ರಾರ್ಥನೆ ಹೊತ್ತಲ್ಲಿ ಹಂದಿ ಕೊಯ್ತಿದೀಯಾ?" ಎನ್ನುತ್ತಾ ಪಕ್ಕದ ಬ್ರೆಡ್ಡಿನಂಗಡಿಯ ರೆಮೆಯ್ ಗೋಡೆಯ ಮೇಲಿಂದ ತಲೆ ಹಾಕಿದಳು.

"ಹಂದಿ ಅಲ್ಲ ರೆಮೆಯಕ್ಕ, ಬ್ರೇಕು. ಅಳುತ್ತೆ, ಹಿಡಿಯಲ್ಲ."

"ರಿಮ್ಮಿಗೆ ಟಾರು ಹಚ್ಚು. ನಮ್ಮನೆಯೋರು ಇರೋ ತನಕ ಟಾರೇ ಹಚ್ಚಿದ್ರು. ಒಂದ್ಸಲಾನೂ ಜಾರ್ಲಿಲ್ಲ."

"ಅವರು ಹೋಗಿದ್ದೇ ಜಾರಿಬಿದ್ದು ಅಲ್ವಾ ಅಕ್ಕಾ?"

"ಅದು ಬಚ್ಚಲಲ್ಲಿ. ಅಲ್ಲಿ ಟಾರು ಹಚ್ಚಿರ್ಲಿಲ್ಲ."

ಅಷ್ಟರಲ್ಲಿ ಕ್ಷೌರದ ಕಿರ್ಜೆ ಬಂದ. ಅವನೂ ಹಿರಿಯರ ತಂಡದವನೇ. ಟಾರು ಎಂಬ ಮಾತು ಕೇಳಿದ್ದೇ ತಡ, ಮೂಗು ಮುರಿದ. "ಟಾರು ಹಚ್ಚೋದು ಹೇಡಿಗಳು. ರಿಮ್ಮು ಉಜ್ಜು ಮಾರಾಯ. ಕಬ್ಬಿಣ ಉಜ್ಜೋ ಮಿಷನ್ ತಗೊಂಡು ಗೀರು ಬೀಳೋ ಹಂಗೆ ಉಜ್ಜು. ಬೆಕ್ಕಿನ ನಾಲಿಗೆ ಥರ ಆಗ್ಬೇಕು."

ಉಜ್ಜಿದರು. ಹಿತ್ತಲಲ್ಲಿ ದೀಪಾವಳಿ ಆಯಿತು. ಬ್ರೇಕು ಮೊದಲಿಗಿಂತ ಜೋರಾಗಿ ಅತ್ತಿತು, ಮೊದಲಿನಷ್ಟೇ ಜಾರಿತು. ರಬ್ಬರನ್ನು ಹಿಡಿದಿರುವ ಬೋಲ್ಟುಗಳನ್ನು ಕಿರ್ಜೆ ಸಡಿಲಿಸಿ ಎಡಕ್ಕೆ ವಾಲಿಸಿದ, ರೆಮೆಯ್ ಗೋಡೆ ಹಾರಿ ಬಂದು ಬಲಕ್ಕೆ ವಾಲಿಸಿದಳು. ಕೊನೆಗೆ ಯಾರು ಎತ್ತ ವಾಲಿಸಿದರೆಂಬುದೇ ಮರೆತುಹೋಗಿ, ಇಬ್ಬರೂ ಟೊಮೇಟೊ ಉಜ್ಜಿದ ಬ್ರೆಡ್ಡು ತಿನ್ನಲು ಒಳಗೆ ಹೋದರು, ಅದೂ ಎವುದಾಲ್‌ನ ಅಡುಗೆಮನೆಗೆ.

ಒಬ್ಬನೇ ಉಳಿದ ಎವುದಾಲ್ ಸುಮ್ಮನೆ ಚಕ್ರ ತಿರುಗಿಸುತ್ತಾ ಕೂತ. ಆಗ ಕಂಡಿತು. ಚಕ್ರಕ್ಕೂ ಫ್ರೇಮಿಗೂ ನಡುವೆ ಎಡಗಡೆ ಹೆಬ್ಬೆರಳು ಹೋಗುತ್ತಿತ್ತು. ಬಲಗಡೆ ಹಂದಿಯ ಕರುಳಿನ ಪೊರೆ ಕೂಡ ಹೋಗುತ್ತಿರಲಿಲ್ಲ. ನಿನ್ನೆ ಚೈನು ಬಿಗಿ ಮಾಡುವಾಗ ಅವನೇ ಒಂದು ಕಡೆ ಹೆಚ್ಚು ಎಳೆದಿದ್ದ. ಸೊಟ್ಟಗಿದ್ದದ್ದು ಚಕ್ರ, ಬೈಸಿಕೊಂಡದ್ದು ರಬ್ಬರು.

ಚಕ್ರ ಬಿಚ್ಚಿ ನಡುಮಧ್ಯ ಕೂರಿಸಿದ. ರಬ್ಬರುಗಳನ್ನು ರಿಮ್ಮಿಗೆ ಒತ್ತಿ ಹಿಡಿದು, ಹಾಗೇ ಬೋಲ್ಟು ಬಿಗಿದ. ಹತ್ತಿ ಬ್ರೇಕು ಹಿಡಿದ. ಸೈಕಲ್ಲು ಗಕ್ಕನೆ ನಿಂತಿತು, ಭೂಮಿ ಮಾತ್ರ ಸ್ವಲ್ಪ ಮುಂದೆ ಹೋದ ಹಾಗಾಯಿತು. ಒಂದು ಚೂರೂ ಸದ್ದಿಲ್ಲ. ಎವುದಾಲ್ ಕಣ್ಣು ಒರೆಸಿಕೊಂಡ.

ಗಣಿಯ ಬಾಯಲ್ಲಿ ತಪಾಸಣೆ. ಚರ್ಚಿನ ಗಂಟೆ ಹೊಡೆದು ಮುದುಕನಾಗಿ, ಆ ಕೆಲಸ ಪಾದ್ರಿಗೇ ಬಿಟ್ಟುಕೊಟ್ಟ ನರ್ಸಿಸ್ ಅಜ್ಜ, ಮೂವತ್ತು ವರ್ಷದಿಂದ ಅಲ್ಲಿ ಅದೇ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂರುತ್ತಾನೆ. ಬಂದವರು ಅವನ ಮಂಡಿ ತಟ್ಟಿ ಬ್ರೇಕು ಹಿಡಿಯಬೇಕು. ಅವನು ಸೈಕಲ್ಲು ನೋಡುವುದಿಲ್ಲ, ಕೇಳುತ್ತಾನೆ. ಬ್ರೇಕು ಅತ್ತರೆ ತಲೆ ಆಡಿಸಿ ನಂಬರು ಅಂಟಿಸುತ್ತಾನೆ. ಅವನ ಕಿವಿಯನ್ನು ಪ್ರಶ್ನಿಸಿದವರು ಊರಲ್ಲಿ ಹುಟ್ಟಿಲ್ಲ.

ಹಿರಿಯರ ಸರದಿ ಮೊದಲು, ಹಿರಿಯರಲ್ಲಿ ಎವುದಾಲ್ ಮೊದಲು. ಸೈಕಲ್ಲು ತಳ್ಳಿ ಬ್ರೇಕು ಹಿಡಿದ.

"ಅಳ್ಲಿಲ್ಲ" ಎಂದ ಅಜ್ಜ.

"ನಿಂತಿತಲ್ಲ ಅಜ್ಜಾ! ನೋಡಿಲ್ಲಿ, ಅಲ್ಲಾಡ್ತಾನೇ ಇಲ್ಲ!"

ಅಜ್ಜ ಕಣ್ಣು ತೆರೆಯಲಿಲ್ಲ. "ಅಳದ ಬ್ರೇಕು ಬ್ರೇಕಲ್ಲ. ಸರಿ ಮಾಡ್ಕೊಂಡು ಬಾ."

ಸರಿಯಾಗಿದ್ದದ್ದನ್ನು ಸರಿ ಮಾಡುವುದು ಹೇಗೆ? ಎವುದಾಲ್ ಒಂದು ಕಡೆಯ ಬೋಲ್ಟು ಸಡಿಲಿಸಿ ರಬ್ಬರನ್ನು ಒಂದು ಕೂದಲಷ್ಟು ವಾಲಿಸಿದ. ಬ್ರೇಕು ಬೆಕ್ಕಿನ ಮರಿಯ ಹಾಗೆ ಅತ್ತಿತು. "ಅಳ್ಲಿಲ್ಲ" ಎಂದ ಅಜ್ಜ. ಕಿರ್ಜೆ ಓಡಿ ಬಂದು ಇನ್ನೊಂದನ್ನೂ ವಾಲಿಸಿದ. ಬ್ರೇಕು ಮದುವೆ ಮನೆಯಿಂದ ಹೊರಟ ಹೆಣ್ಣಿನ ಹಾಗೆ ಅತ್ತಿತು. "ಅಳ್ಲಿಲ್ಲ." ರೆಮೆಯ್ ಎಲ್ಲಿಂದಲೋ ಟಾರಿನ ಡಬ್ಬಿ ತಂದು, ಯಾರೂ ಕೇಳದಿದ್ದರೂ, ರಿಮ್ಮಿನ ಸುತ್ತ ಬಳಿದಳು. ಎವುದಾಲ್ ಸೈಕಲ್ಲು ತಳ್ಳಿ ಬ್ರೇಕು ಹಿಡಿದ.

ಅಂಥ ಅಳು ಆ ಕಣಿವೆ ಕೇಳಿರಲಿಲ್ಲ. ನಾಯಿಗಳು ಬಾಲ ಮಡಚಿದವು. ಪಾದ್ರಿ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡ. ಹೊಳೆಯಾಚೆಯ ಊರಿಂದ ಇಬ್ಬರು ಕಪ್ಪು ಬಟ್ಟೆ ಹಾಕಿಕೊಂಡು ಬಂದು, ತೀರಿಹೋದವರು ಯಾರು ಎಂದು ಮೆಲ್ಲಗೆ ವಿಚಾರಿಸಿದರು.

"ಅಳ್ಲಿಲ್ಲ" ಎಂದ ನರ್ಸಿಸ್ ಅಜ್ಜ.

ಕ್ಲಬ್ಬಿನ ಯಜಮಾನಿ ಕೆರಾಲ್ಟ್, ಅಂಚೆ ಹಂಚುವ ಗಟ್ಟಿಗಿತ್ತಿ, ಮೆಲ್ಲಗೆ ಅಜ್ಜನ ಕುರ್ಚಿಯ ಹಿಂದೆ ಹೋಗಿ ನಿಂತಳು. ಮಾಂಸ ಸುಡಲು ತಂದಿದ್ದ ಕಬ್ಬಿಣದ ಜಾಲರಿಯನ್ನು ಎತ್ತಿ ಬಂಡೆಯ ಮೇಲೆ ಬಿಟ್ಟಳು. ಎಲ್ಲರೂ ಕಿವಿ ಮುಚ್ಚಿಕೊಂಡರು. ಅಜ್ಜ ಅಲ್ಲಾಡಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಅವನೇ ಕಣ್ಣು ತೆರೆದು, ಎಲ್ಲರ ಮುಖ ನೋಡಿದ. "ಯಾಕ್ರೋ ಇವತ್ತೂ ಯಾರೂ ಮಾತಾಡ್ತಿಲ್ಲ?"

ಕೆರಾಲ್ಟ್ ಅವನ ಮುಂದೆ ಕೂತು, ಕಿವಿ ತೋರಿಸಿ, ಇಲ್ಲ ಎಂದು ಕೈ ಆಡಿಸಿದಳು. ಅಜ್ಜ ತನ್ನ ಕಿವಿಯನ್ನೇ ಮುಟ್ಟಿ ನೋಡಿಕೊಂಡ.

"ಹಂಗಾದ್ರೆ ಚಳಿಗಾಲದಿಂದ ಗಂಟೆ ಹೊಡೀತಿಲ್ಲ ಅಂತ ಪಾದ್ರಿ ಜತೆ ಜಗಳ ಆಡಿದ್ನಲ್ಲ..."

"ಹೊಡೀತಾನೇ ಇದ್ದೆ" ಎಂದ ಪಾದ್ರಿ, ನೆಲ ನೋಡುತ್ತಾ.

ಯಾರೂ ನಗಲಿಲ್ಲ. ನಗುವ ವಿಷಯವೂ ಆಗಿರಲಿಲ್ಲ. ಎವುದಾಲ್‌ಗೆ ಮಾತ್ರ ಒಳಗೊಳಗೆ ಜೀವ ಬಂತು. "ಕೆರಾಲ್ಟಕ್ಕ, ಹಂಗಾದ್ರೆ ನನ್ ಬ್ರೇಕು ಸರಿಯಾಗೇ ಇತ್ತು. ಒಂಚೂರು ಟೈಮ್ ಕೊಡಿ, ವಾಪಸ್ ಜೋಡಿಸ್ತೀನಿ."

"ಒಬ್ರಿಗೆ ಕೊಟ್ರೆ ಎಲ್ರಿಗೂ ಕೊಡ್ಬೇಕು. ಕಿವಿ ನಂಬಿ ಆಗಿದ್ದು ಸಾಕು. ಇಳಿಜಾರಲ್ಲಿ ಬನ್ನಿ, ಬಿಳಿ ಗೆರೆ ಹತ್ರ ನಿಲ್ಸಿ. ನಿಂತೋರು ಒಳಗೆ, ದಾಟಿದೋರು ಹೊರಗೆ. ನೀನೇ ಮೊದ್ಲು ಕಣೋ."

ಎವುದಾಲ್ ಇಳಿದ. ಗೆರೆ ಬಂತು. ಬ್ರೇಕು ಹಿಡಿದ. ಅದು ಎದೆ ಬಿರಿಯುವಂತೆ ಅಳುತ್ತಾ ಗೆರೆ ದಾಟಿತು, ವೈನಿನ ಮೇಜು ದಾಟಿತು, ಕಪ್ಪು ಬಟ್ಟೆಯ ಇಬ್ಬರ ನಡುವೆ ತೂರಿ ಕುರಿಗಳ ನೀರಿನ ತೊಟ್ಟಿಗೆ ಬಿತ್ತು. ಬಿದ್ದ ಮೇಲೂ ಒಂದು ಕ್ಷಣ ಅತ್ತಿತು.

"ಹೊರಗೆ" ಎಂದಳು ಕೆರಾಲ್ಟ್, ದುಃಖದಿಂದಲೇ.

ಉಳಿದವರೆಲ್ಲ ಗೆರೆಯ ಹತ್ತಿರ ನಿಂತರು. ಹಿರಿಯರ ತಂಡದಲ್ಲಿ ಒಂದು ಜಾಗ ಖಾಲಿ ಉಳಿಯಿತು. ಮೂವರಿಲ್ಲದಿದ್ದರೆ ಊರಿಗೆ ತಂಡವೇ ಇಲ್ಲ. ಯಾರಿದ್ದಾರೆ, ಯಾರಿದ್ದಾರೆ ಎಂದು ಎಲ್ಲರೂ ಒಬ್ಬರನ್ನೊಬ್ಬರು ನೋಡುತ್ತಿರುವಾಗ ನರ್ಸಿಸ್ ಅಜ್ಜ ಕುರ್ಚಿಯಿಂದ ಎದ್ದ.

"ಕಿವಿ ಹೋಯ್ತು ಅಂತ ಕೆಲಸ ಬಿಡಿಸಿದ್ರಿ. ಸರಿ. ತಪಾಸಣೆ ಮಾಡೋನು ಸವಾರಿ ಮಾಡೋ ಹಂಗಿಲ್ಲ ಅಂತ ಮೂವತ್ತು ವರ್ಷ ಕೂರ್ಸಿದ್ರಿ. ಈಗ ಆ ತೊಂದ್ರೆ ಇಲ್ವಲ್ಲ. ಕಾಲು ಗಟ್ಟಿಯಾಗೇ ಇದಾವೆ." ಸುತ್ತ ನೋಡಿ, ತೊಟ್ಟಿಯಿಂದ ಸೈಕಲ್ಲು ಎಳೆಯುತ್ತಿದ್ದ ಎವುದಾಲ್ ಕಡೆ ತಿರುಗಿದ. "ಅದು ಹೆಂಗೂ ಖಾಲಿ ಇದೆ."

ಊರೆಲ್ಲ ಎವುದಾಲ್‌ನನ್ನೇ ನೋಡಿತು. ಚಳಿಗಾಲವಿಡೀ ಗಂಟೆಗಾಗಿ ಕಾದು ಕೂತಿದ್ದ ಮುದುಕನಿಗೆ ಇಲ್ಲ ಅನ್ನಲು ಕಟುಕನಿಗೂ ಬಾಯಿ ಬರಲಿಲ್ಲ. ಒದ್ದೆ ಪ್ಯಾಂಟಿನಲ್ಲೇ ಕೂತು ಟಾರು ಒರೆಸಿದ. ಚಕ್ರ ನಡುವಿದೆಯೇ ನೋಡಿದ. ರಬ್ಬರುಗಳನ್ನು ರಿಮ್ಮಿಗೆ ಒತ್ತಿ, ಬೆಳಿಗ್ಗೆಗಿಂತ ಚೆನ್ನಾಗಿ ಬಿಗಿದುಕೊಟ್ಟ.

ಅಜ್ಜ ಇಳಿಜಾರಲ್ಲಿ ಬಂದು ಗೆರೆಯ ಮೇಲೆ ಗಕ್ಕನೆ ನಿಂತ. ಮೊಳೆ ಹೊಡೆದ ಹಾಗೆ. ಊರಿಗೆ ಊರೇ ಚಪ್ಪಾಳೆ ತಟ್ಟಿತು. ಎವುದಾಲ್ ತನಗಾಗಿ ಇಟ್ಟಿದ್ದ ನಂಬರನ್ನು ತಂದು ಅವನ ಸೈಕಲ್ಲಿಗೆ, ಅಂದರೆ ತನ್ನದೇ ಸೈಕಲ್ಲಿಗೆ, ಅಂಟಿಸಿದ.

ಅಜ್ಜ ಕಾಲೂರದೆ ಮೊದಲ ಬಂಡೆ ಹತ್ತಿದ, ಎರಡನೆಯದಕ್ಕೆ ಹಾರಿದ. ಸಂಜೆ ಹೊತ್ತಿಗೆ ಕಿರ್ಜೆಯನ್ನೂ ಹಿಂದೆ ಹಾಕಿದ್ದ. ಕೆಳಗಿಳಿದು ಬಂದವನೇ, ತನ್ನ ಹಳೇ ಕುರ್ಚಿಯಲ್ಲಿ ಇನ್ನೂ ಒದ್ದೆಯಾಗಿ ಕೂತಿದ್ದ ಎವುದಾಲ್‌ನ ಭುಜ ತಟ್ಟಿದ.

"ಒಳ್ಳೇ ಸೈಕಲ್ಲು ಕಣೋ ಮಗಾ. ಮೊದಲ ಪಂದ್ಯಕ್ಕೆ ಇಳ್ದೋನಿಗೆ ವರ್ಷ ಪೂರ್ತಿ ಜಾಗ, ಅಲ್ವಾ? ಶನಿವಾರ ಶನಿವಾರ ಮನೆ ಹತ್ರ ತಂದು ನಿಲ್ಲಿಸ್ಬಿಡು. ರಬ್ಬರು ನೀನೇ ಬಿಗಿ, ಬೇರೆಯೋರ ಕೈಗೆ ಕೊಡ್ಬೇಡ."

"ಆಗಲ್ಲ ಅಜ್ಜಾ! ಅದು ನನ್ ಸೈಕಲ್ಲು!" ಎಂದು ಎವುದಾಲ್ ಗಂಟಲು ಹರಿಯುವಂತೆ ಕೂಗಿದ.

ಅಜ್ಜ ಅವನ ಬಾಯಿ ಆಡುವುದನ್ನೇ ಪ್ರೀತಿಯಿಂದ ನೋಡಿ, ಕೆನ್ನೆ ಸವರಿದ. "ಇರ್ಲಿ ಬಿಡೋ. ಅಷ್ಟೆಲ್ಲ ಹೊಗಳ್ಬೇಡ."